ಆಷಾಢದ ಮದುವೆಗೆ ಊದಿದವರು

ಕೂತಲ್ಲಿ ಕೂರದಿದ್ದ ಮನುಷ್ಯನ ಬಗ್ಗೆ ಕೂತು ಬರೆಯುವುದು ಕಷ್ಟ. ನಾಲ್ಕು ಸಾಲು ಬರೆಯುವಷ್ಟರಲ್ಲಿ ನಾನೇ ಎದ್ದು ಬಾಗಿಲವರೆಗೆ ಹೋಗಿ ಬರುತ್ತಿದ್ದೇನೆ. ಹೋದ ತಿಂಗಳು ಶಿರಾದಲ್ಲಿ ಅವರನ್ನು ಮಣ್ಣು ಮಾಡಿ ಬಂದಾಗಿನಿಂದ ಹೀಗಾಗಿದೆ. ಊರಿಗೆಲ್ಲ ಅವರು ಬ್ಯಾಂಡ್ ಸಾಹೇಬರು. ಅವರಿಗೊಂದು ಚಂದದ ಹೆಸರಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಪತ್ರಿಕೆಗೆ ಆಗಾಗ ಸುದ್ದಿ ಕಳಿಸುವ ಚಟವಿದ್ದ ನಾನು ಒಮ್ಮೆ, ನಿಮ್ಮ ಬಗ್ಗೆ ಬರೆಯುತ್ತೇನೆ ಎಂದಾಗ ಅವರು, "ನನ್ ಹೆಸ್ರು ಕಟ್ಕೊಂಡು ಯಾರಿಗೇನಾಗ್ಬೇಕು ಮೇಷ್ಟ್ರೇ? ಬ್ಯಾಂಡ್‌ನೋರು ಅಂತ ಬರೀರಿ, ಸಾಕು" ಎಂದಿದ್ದರು. ಹಾಗೆಯೇ ಬರೆಯುತ್ತೇನೆ.

ಶಿರಾದ ಹೈಸ್ಕೂಲಿಗೆ ನಾನು ಇಂಗ್ಲಿಷ್ ಮೇಷ್ಟ್ರಾಗಿ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಮದುವೆಯಾಗದ ಮೇಷ್ಟ್ರಿಗೆ ಮನೆ ಕೊಡಲು ಊರಿನವರು ಹಿಂದೆ ಮುಂದೆ ನೋಡಿದರು. ಕೊನೆಗೆ ಸಿಕ್ಕಿದ್ದು ಸಾಹೇಬರ ಬ್ಯಾಂಡಿನ ಅಂಗಡಿಯ ಮೇಲಿನ ಕೋಣೆ. ಕೆಳಗೆ ಮೊಳೆಗೆ ತೂಗುಹಾಕಿದ ಜರಿಪಟ್ಟಿಯ ಕೆಂಪು ಕೋಟುಗಳು, ಡ್ರಮ್ಮುಗಳು, ಹಿತ್ತಾಳೆಯ ವಾದ್ಯಗಳು. ಮೇಲೆ ನಾನು. ಅವರು ಅಭ್ಯಾಸ ಶುರು ಮಾಡಿದರೆ ನನ್ನ ಸ್ಟವ್ ಮೇಲಿನ ಪಾತ್ರೆ ನಡುಗುತ್ತಿತ್ತು. ಮೊದಲ ವಾರವೇ ಜಗಳ ಆಡಬೇಕೆಂದು ಕೆಳಗಿಳಿದೆ. ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ ಅವರು, "ಬೇಗ ಮದ್ವೆ ಮಾಡ್ಕಳಿ ಮೇಷ್ಟ್ರೇ, ಪುಕ್ಸಟ್ಟೆ ಊದ್ತೀನಿ" ಎಂದರು. ಜಗಳ ಅಲ್ಲಿಗೇ ಮುಗಿಯಿತು.

ಸಣಕಲು ಆಳು. ಗೋರಂಟಿ ಹಚ್ಚಿದ ಮೀಸೆ, ಒಳಗೆ ಹೋದ ಕೆನ್ನೆ. ಟ್ರಂಪೆಟ್ಟು ತುಟಿಗೆ ಹೋದಾಗ ಮಾತ್ರ ಆ ಕೆನ್ನೆ ತುಂಬುತ್ತಿತ್ತು. ಟ್ರಂಪೆಟ್ಟಿನ ಗುಂಡಿ ಒತ್ತುವ ಅವರ ಬಲಗೈಯ ಮೂರು ಬೆರಳು ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ಟೀ ಲೋಟದ ಮೇಲೆ, ನನ್ನ ಮೇಜಿನ ಮೇಲೆ, ಬಸ್ಸಿನ ಕಂಬಿಯ ಮೇಲೆ, ಒಮ್ಮೆ ಮಾತಿನ ಭರದಲ್ಲಿ ನನ್ನ ಹೆಗಲ ಮೇಲೆ, ಯಾವುದೋ ರಾಗದ ಮೆಟ್ಟು ಒತ್ತುತ್ತಲೇ ಇರುತ್ತಿದ್ದವು. ಕುರ್ಚಿ ಕೊಟ್ಟರೆ ಅದರ ಬೆನ್ನು ಹಿಡಿದು ನಿಲ್ಲುತ್ತಿದ್ದರು. ಕೂತರೆ ಉಸಿರು ಕೂರುತ್ತದಂತೆ.

ಅವರ ಬ್ಯಾಂಡಿಗೆ ಒಂದು ಖಯಾಲಿ ಇತ್ತು. ಇದು ಮಧುಗಿರಿ, ಪಾವಗಡದ ಕಡೆಯವರಿಗೂ ಗೊತ್ತಿದ್ದ ವಿಷಯ. ಮೆರವಣಿಗೆ ಗಂಡಿನ ಮನೆಯ ಮುಂದೆ ಬಂದೊಡನೆ ಅವರು ನಿಂತುಬಿಡುತ್ತಿದ್ದರು. ಗಂಡಿನ ತಾಯಿ ಹೊಸ್ತಿಲು ದಾಟಿ ಬಂದು ಆರತಿ ಎತ್ತಿ, ಆಕೆಯ ಮುಖದಲ್ಲಿ ನಗು ಮೂಡುವವರೆಗೆ ಹೆಜ್ಜೆ ಮುಂದಿಡುತ್ತಿರಲಿಲ್ಲ. ಹಿಂದಿನಿಂದ ಗ್ಯಾಸ್‌ಲೈಟ್ ಹೊತ್ತವರು ಬೈಯುವರು, ಹಸಿದ ನೆಂಟರು ಗೊಣಗುವರು, ಕುದುರೆ ಹಿಡಿದವನು ನಿಟ್ಟುಸಿರು ಬಿಡುವನು. ಸಾಹೇಬರು ಕೇಳಿಸಿಕೊಳ್ಳದೆ ಊದುತ್ತಲೇ ಇರುವರು. ಒಂದು ಮದುವೆಯಲ್ಲಿ ಬೀಗರ ಮೇಲೆ ಮುನಿಸಿಕೊಂಡಿದ್ದ ತಾಯಿಯೊಬ್ಬಳು ನಗಲೇ ಇಲ್ಲ. ಸಾಹೇಬರು ಊದಿ ಊದಿ ಕಣ್ಣು ಮೇಲಕ್ಕೆ ಹೋದಾಗ, ಈ ಮನುಷ್ಯ ಸತ್ತೇ ಹೋಗುತ್ತಾನೆ ಎಂಬ ಭಯಕ್ಕೆ ನಕ್ಕಳಂತೆ. "ಮದ್ವೆ ಅಂದ್ರೆ ಹುಡ್ಗ ಹುಡ್ಗೀದಲ್ಲ ಮೇಷ್ಟ್ರೇ. ಅವರಿಗೇನು, ಹೊಗೆನಾಗೆ ಕಣ್ಣೇ ಬಿಡಕಾಗಲ್ಲ. ಮದ್ವೆ ಅನ್ನೋದು ಹುಡುಗನ ತಾಯಿ ಮಕದಾಗಿರ್ತೈತೆ" ಎನ್ನುತ್ತಿದ್ದರು. ಈ ಹಟ ಎಲ್ಲಿಂದ ಬಂತೆಂದು ನನಗೆ ಆಗ ಗೊತ್ತಿರಲಿಲ್ಲ.

ಎಂಬತ್ತೊಂದನೆಯ ಇಸವಿಯಲ್ಲಿ ಆಷಾಢವೂ ರಂಜಾನೂ ಒಂದರ ಮೇಲೊಂದು ಬಿದ್ದವು. ಆಷಾಢದಲ್ಲಿ ಹಿಂದೂಗಳ ಮನೆಯಲ್ಲಿ ಮದುವೆಯಿಲ್ಲ, ರಂಜಾನಿನಲ್ಲಿ ಮುಸಲ್ಮಾನರ ಮನೆಯಲ್ಲಿ ಮದುವೆಯಿಲ್ಲ. ಬೇರೆ ವರ್ಷಗಳಲ್ಲಿ ಒಂದು ಕಡೆ ಬಾಗಿಲು ಮುಚ್ಚಿದರೆ ಇನ್ನೊಂದು ಕಡೆ ತೆರೆದಿರುತ್ತಿತ್ತು. ಈ ಸಲ ಎರಡೂ ಮುಚ್ಚಿ ಸಾಹೇಬರು ಬೋನಿಗೆ ಬಿದ್ದಂತಾದರು. ಅಂಗಡಿಯ ಮುಂದೆ ಅತ್ತಿಂದಿತ್ತ ನಡೆಯುವುದು, ಟ್ರಂಪೆಟ್ಟಿಗೆ ಎಣ್ಣೆ ಬಿಡುವುದು, ಒರೆಸುವುದು, ಮತ್ತೆ ನಡೆಯುವುದು. ರೋಜಾ ಉಪವಾಸವಿದ್ದ ಬಾಯಲ್ಲಿ ಬೀಡಿಯೂ ಇಲ್ಲ. ಅವರ ಹೆಂಡತಿ ಪರದೆಯ ಹಿಂದಿನಿಂದ, "ಇವರನ್ನ ನಿಮ್ಮ ಸ್ಕೂಲಿಗಾದ್ರೂ ಕರ್ಕೊಂಡು ಹೋಗಿ ಮೇಷ್ಟ್ರೇ" ಎಂದು ಬೇಡಿಕೊಂಡಿದ್ದರು.

ಅದೇ ತಿಂಗಳಲ್ಲಿ ಇಂಗ್ಲೆಂಡಿನ ರಾಜಕುಮಾರನ ಮದುವೆ ಬಂತು.

ಆ ಗದ್ದಲವನ್ನು ಈಗ ನೆನೆದರೆ ನಗು ಬರುತ್ತದೆ. ದಿನಾ ಪೇಪರಿನ ಮೊದಲ ಪುಟದಲ್ಲಿ ಅವರದೇ ಫೋಟೋ. ಬಸ್‌ಸ್ಟ್ಯಾಂಡಿನ ಪೇಪರ್ ಅಂಗಡಿಯವನು ಬೆಳಗಿನ ಕಟ್ಟು ಬಿಚ್ಚುವ ಮೊದಲೇ ಜನ ಮುತ್ತುತ್ತಿದ್ದರು. ಕ್ಷೌರದಂಗಡಿಯ ಕನ್ನಡಿಯ ಪಕ್ಕ ದೇವರ ಪಟಗಳ ಸಾಲಿನಲ್ಲಿ ರಾಜಕುಮಾರಿಯೂ ಸೇರಿಕೊಂಡಳು. ಜವಳಿ ಅಂಗಡಿಯೊಂದು ಮಾರಾಟವಾಗದೆ ಉಳಿದಿದ್ದ ಬಿಳಿ ಸೀರೆಗಳಿಗೆ ಲಂಡನ್ ಸೀರೆ ಎಂದು ಬೋರ್ಡು ಹಾಕಿ ಖಾಲಿ ಮಾಡಿಕೊಂಡಿತು. ಮಧುಗಿರಿಯ ಸ್ಟುಡಿಯೋದವನು ಫೋಟೋ ಹಿಂದಿನ ಪರದೆಗೆ ಸಾರೋಟು ಬರೆಸಿದ್ದಾನೆಂದು ಸುದ್ದಿಯಾಯಿತು. ಇಂಗ್ಲಿಷ್ ಮೇಷ್ಟ್ರು ಎಂಬ ಒಂದೇ ಕಾರಣಕ್ಕೆ ನಾನು ಆ ಮನೆಯ ಹತ್ತಿರದ ನೆಂಟನಂತಾದೆ. ಟೀ ಕುಡಿಯಲು ಹೋದರೆ ಪ್ರಶ್ನೆಗಳು. ಹುಡುಗಿಯ ಬಟ್ಟೆ ಅಷ್ಟುದ್ದ ನೆಲದ ಮೇಲೆ ಎಳೆಯುತ್ತದಂತೆ, ಜಾಲಿಮುಳ್ಳು ಸಿಕ್ಕಿಕೊಳ್ಳುವುದಿಲ್ಲವೆ? ಅತ್ತೆ ರಾಣಿಯಾದರೆ ಸೊಸೆ ಅಡಿಗೆ ಮಾಡಬೇಕೋ ಬೇಡವೋ? ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಹೋಗಿ ಹೋಗಿ ಆಷಾಢದಲ್ಲಿ ಯಾಕೆ ಇಟ್ಟುಕೊಂಡರು? ಅವರಿಗೆ ಆಷಾಢವಿಲ್ಲ ಎಂದು ನಾನು ಹೇಳಿದರೆ ಯಾರೂ ಒಪ್ಪಲಿಲ್ಲ.

ಸಾಹೇಬರದು ಬೇರೆಯೇ ದೂರು. ಸಂಜೆ ನಾನು ಪೇಪರ್ ಓದಿ ಹೇಳುವಾಗ ಅವರು ಬಾಗಿಲಿಗೆ ಒರಗಿ ಕೇಳುತ್ತಿದ್ದರು. ಕುದುರೆಗಳ ಬಣ್ಣ, ಕೇಕಿನ ಎತ್ತರ, ಬರುವ ದೊರೆಗಳ ಪಟ್ಟಿ ಎಲ್ಲ ಮುಗಿದ ಮೇಲೆ, "ಬ್ಯಾಂಡ್‌ದು?" ಎನ್ನುವರು.

"ಏನೂ ಇಲ್ಲ ಸಾಹೇಬ್ರೇ."

"ಸರಿಯಾಗಿ ನೋಡಿ. ಒಳಗಿನ ಪೇಜ್‌ನಾಗೆ?"

"ಇಲ್ಲ."

"ಕುದ್ರೆ ಹೆಸ್ರೂ ಬರ್ದವ್ರೆ. ಊದೋರ ಬಗ್ಗೆ ಒಂದಕ್ಷರ ಇಲ್ಲ. ಬ್ಯಾಂಡ್ ಇಲ್ದೆ ಮಾಡ್ತಾರಾ ಇವ್ರು?" ಎಂದು ಅವರು ಮೆಟ್ಟಿಲು ಇಳಿದುಹೋಗುವರು. ಮರುದಿನ ಮತ್ತೆ ಅದೇ ಪ್ರಶ್ನೆ.

ಇದರ ನಡುವೆ ಜುಂಜಣ್ಣನ ಸಂಕಟ ಶುರುವಾಯಿತು. ಜುಂಜಣ್ಣ ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸುವವನು. ಗೌಡಗೆರೆಯ ಕಡೆಯ ಹಳ್ಳಿಯವನು, ಕುರಿ ಮಂದೆಯ ಮನೆತನ. ಅಪ್ಪ ಇಲ್ಲ, ತಾಯಿ ಈರಕ್ಕನೇ ಕುರಿ ಕಾಯ್ದು ಸಾಕಿದವಳು. ಕೊರಟಗೆರೆ ತಾಲ್ಲೂಕಿನ ಕೊಳಾಲದ ಹುಡುಗಿಯೊಂದಿಗೆ ವೀಳ್ಯ ಮುಗಿದು ಶ್ರಾವಣದ ಕೊನೆಗೆ ಮದುವೆ ಗೊತ್ತಾಗಿತ್ತು. ಅಷ್ಟರಲ್ಲಿ ಈರಕ್ಕ ಜ್ವರ ಬಂದು ಮಂಚ ಹಿಡಿದಳು. ತುಮಕೂರಿಗೆ ಒಯ್ದರೆ ಅಲ್ಲಿಯ ಒಬ್ಬ ಡಾಕ್ಟರು, ಮನೆಗೆ ಕರೆದುಕೊಂಡು ಹೋಗಿ, ಬಾಯಿಗೆ ರುಚಿಯಾದದ್ದು ತಿನ್ನಿಸಿ ಎಂದರಂತೆ. ಆ ಮಾತಿನ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು. ಮುಂದಿನ ಶುಕ್ರವಾರ ಅಮಾವಾಸ್ಯೆ, ಅದೂ ಸೂರ್ಯಗ್ರಹಣದ ಅಮಾವಾಸ್ಯೆ. ಈರಕ್ಕ ಅದನ್ನು ದಾಟುವುದಿಲ್ಲ ಎಂದು ಹಳ್ಳಿಯವರು ಒಂದೇ ಬಾಯಲ್ಲಿ ತೀರ್ಮಾನಿಸಿದರು. ತಾಯಿ ಹೋದರೆ ವರ್ಷ ತುಂಬುವವರೆಗೆ ಮದುವೆ ಇಲ್ಲ, ಅಲ್ಲಿಯವರೆಗೆ ಹುಡುಗಿಯನ್ನು ಕೂರಿಸಿಕೊಳ್ಳಲಾರೆ ಎಂದು ಕೊಳಾಲದಿಂದ ಹೆಣ್ಣಿನ ತಂದೆ ಹೇಳಿ ಕಳಿಸಿದ. ಆದರೆ ಜುಂಜಣ್ಣನನ್ನು ಕಾಡುತ್ತಿದ್ದದ್ದು ಹುಡುಗಿ ತಪ್ಪುವುದಲ್ಲ.

"ಅವ್ವ ದಿನಾ ಕೇಳ್ತಾಳೆ ಸಾಬ್ರೇ, ನಿನ್ ಮದ್ವೆಗೆ ಸಾಬಣ್ಣ ನಮ್ಮನೆ ಮುಂದೆ ನಿಂತು ಊದ್ತಾನೇನ್ಲಾ ಅಂತ. ಏನ್ ಹೇಳ್ಲಿ?" ಎಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತ.

ಸಾಹೇಬರು ಅಂಗಡಿಯಿಂದ ರಸ್ತೆಗೆ, ರಸ್ತೆಯಿಂದ ಅಂಗಡಿಗೆ ನಡೆದರು. ಆಮೇಲೆ ಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದರು.

"ಮೇಷ್ಟ್ರೇ, ಅವರ ಮದ್ವೆ ಬುಧವಾರ ತಾನೇ?"

"ಹೌದು."

"ಆಷಾಢದಾಗೆ ತಾನೇ?"

"ಅವರಿಗೆ ಆಷಾಢ ಇಲ್ಲ ಸಾಹೇಬ್ರೇ, ಎಷ್ಟು ಸಲ ಹೇಳಲಿ?"

"ಹೆಂಗೆ ಇಲ್ಲ? ಅಲ್ಲೇನು ಮೇಲೆ ಬೇರೆ ಚಂದ್ರ ಐತಾ? ನಮ್ ರಂಜಾನು ಅಲ್ಲೂ ರಂಜಾನೇ. ಆಷಾಢನೂ ಅಂಗೇ ಅಲ್ವಾ?"

ಅವರು ಮುಂದುವರಿಸಿದರು. "ಅಷ್ಟು ದೊಡ್ಡ ಮನೆಯೋರು, ಜೋಯಿಸರನ್ನ ಕೇಳ್ದೆ ದಿನ ಇಡ್ತಾರಾ? ಆಷಾಢದಾಗೂ ಒಂದು ಒಳ್ಳೆ ಗಳಿಗೆ ಸಿಕ್ಕಿರ್ಬೇಕು ಅವರಿಗೆ. ಅದನ್ನೇ ನಾವೂ ಹಿಡ್ಕೊಂಬುಟ್ರೆ?"

ನಾನು ನಕ್ಕೆ. ಅವರು ನಗಲಿಲ್ಲ. ಮರುದಿನ ಪೇಪರನ್ನು ಕಂಕುಳಲ್ಲಿಟ್ಟುಕೊಂಡು, ನನ್ನನ್ನೂ ಜುಂಜಣ್ಣನ ಸೋದರಮಾವನನ್ನೂ ಹೊರಡಿಸಿಕೊಂಡು, ಮಧುಗಿರಿಯಲ್ಲಿ ಬಸ್ ಬದಲಿಸಿ ಕೊಳಾಲಕ್ಕೆ ಹೊರಟರು. ದಾರಿಯುದ್ದಕ್ಕೂ ಬಸ್ಸಿನ ಕಂಬಿ ಹಿಡಿದು ನಿಂತೇ ಇದ್ದರು. ಸೀಟು ಖಾಲಿ ಇತ್ತು.

ಹೆಣ್ಣಿನ ತಂದೆ ಮರ್ಯಾದಸ್ಥ. ಸಾಹೇಬರು ರೋಜಾದಲ್ಲಿದ್ದಾರೆಂದು ತಿಳಿದು ತಾನೂ ನಮ್ಮ ಮುಂದೆ ಕಾಫಿ ಕುಡಿಯಲಿಲ್ಲ. ಆದರೆ ಮಾತು ಬಗ್ಗಲಿಲ್ಲ. "ಅವ್ರು ಆಳೋ ಜನ. ಅವ್ರು ಯಾವಾಗ ಬೇಕಾದ್ರೂ ಮಾಡ್ಕತಾರೆ. ನನ್ ಮಗಳಿಗೆ ಹೆಚ್ಚುಕಮ್ಮಿ ಆದ್ರೆ ಊರೋರು ನನ್ನ ಕೇಳ್ತಾರೆ ಕಣ್ರೀ" ಎಂದ. ಪುರೋಹಿತರು ಬರುವುದಿಲ್ಲ, ನೆಂಟರು ಬರುವುದಿಲ್ಲ ಎಂದ. ನಮ್ಮ ಕುಲದ ಯಜಮಾನರು ತಾಳಿ ಮುಟ್ಟಿಕೊಡುತ್ತಾರೆ ಎಂದು ಸೋದರಮಾವ ಹೇಳಿದರೂ ತಲೆ ಅಲ್ಲಾಡಿಸಿದ. ನಾನು ಸೋತು ಎದ್ದು ನಿಂತೆ. ಆಗ ಮೂಲೆಯಲ್ಲಿ ಅವರೆಕಾಳು ಆರಿಸುತ್ತಿದ್ದ ಹುಡುಗಿಯ ಅಜ್ಜಿ, ಆ ಕಾಗದ ಇತ್ತ ಕೊಡಿ ಎಂದು ಕೈ ಚಾಚಿದಳು.

ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅದರಲ್ಲಿ ರಾಜಕುಮಾರಿ ತಲೆ ಬಗ್ಗಿಸಿ, ಕಣ್ಣನ್ನು ಮಾತ್ರ ಮೇಲೆತ್ತಿ ನಾಚಿಕೊಂಡಿದ್ದಳು.

"ಸಣ್ಣ ಕೂಸು ಕಣಪ್ಪ ಇದು" ಎಂದಳು ಅಜ್ಜಿ. "ನಮ್ ಹುಡ್ಗಿ ಓರಗೆದು. ಇಂಥ ಕೂಸನ್ನ ಕೆಟ್ಟ ಗಳಿಗೆನಾಗೆ ಯಾವ ತಾಯಿ ಕೊಟ್ಟಾಳು? ನೋಡೇ ಕೊಟ್ಟಿರ್ತಾಳೆ. ನೀನೂ ಕೊಡ್ಲಾ."

ಅಷ್ಟೇ. ನಮ್ಮ ತರ್ಕವೆಲ್ಲ ಮಾಡದ ಕೆಲಸವನ್ನು ಕಾಣದ ಊರಿನ ತಾಯಿಯೊಬ್ಬಳ ಮೇಲಿನ ನಂಬಿಕೆ ಮಾಡಿತು. ಹೆಣ್ಣಿನ ತಂದೆ ಒಂದೇ ಷರತ್ತು ಹಾಕಿದ. ಅವರು ಹಿಡಿದ ಗಳಿಗೆಯಲ್ಲೇ, ಹಿಂದಿಲ್ಲ ಮುಂದಿಲ್ಲ, ಇಲ್ಲೂ ತಾಳಿ ಬೀಳಬೇಕು. ಅಲ್ಲಿ ಬೆಳಿಗ್ಗೆ ಹನ್ನೊಂದಾದರೆ ಇಲ್ಲಿ ಮಧ್ಯಾಹ್ನ ಮೂರೂವರೆ ಎಂದು ನಾನು ಲೆಕ್ಕ ಹೇಳಿದೆ. "ರಾಹುಕಾಲನೂ ಕಳೆದಿರ್ತೈತೆ" ಎಂದು ಸಾಹೇಬರು ಮೆಲ್ಲಗೆ ಸೇರಿಸಿದರು. ಬುಧವಾರದ ರಾಹುಕಾಲ ಅವರಿಗೆ ಗೊತ್ತಿದ್ದದ್ದು ನೋಡಿ ಹೆಣ್ಣಿನ ತಂದೆಗೂ ನಗು ಬಂತು.

ಶಿರಾಕ್ಕೆ ಬಂದರೆ ಇನ್ನೊಂದು ಕಷ್ಟ. ಬ್ಯಾಂಡಿನ ಉಳಿದವರು ಬರುವುದಿಲ್ಲ ಎಂದರು. ಆಷಾಢದ ಮಾತು ಅವರಿಗೆ ಸಂಬಂಧವಿಲ್ಲ, ಆದರೆ ರಂಜಾನಿನಲ್ಲಿ ಬಾಜಾ ಬಾರಿಸುವುದಿಲ್ಲ. ಸಾಹೇಬರು ಒತ್ತಾಯಿಸಲಿಲ್ಲ. ಬೀದಿಯ ಹಿರಿಯರೊಬ್ಬರು ಅಂಗಡಿಯವರೆಗೆ ಬಂದು ಬೇಡವೆಂದು ಹೇಳಿ ಹೋದರು. ಅವರು ಹೋಗುವವರೆಗೂ ಸಾಹೇಬರು ತಲೆ ತಗ್ಗಿಸಿ ನಿಂತಿದ್ದರು. ಆಮೇಲೆ ನನಗೆ, "ಮೇಲಿನೋನಿಗೆ ನಾನು ಜವಾಬು ಹೇಳ್ಕೋತೀನಿ ಮೇಷ್ಟ್ರೇ. ಈರಕ್ಕಂಗೆ ಏನಂತ ಹೇಳ್ಲಿ?" ಎಂದರು. ಅವರ ದನಿಯಲ್ಲಿ ಹಟ ಇರಲಿಲ್ಲ, ದಿಗಿಲಿತ್ತು. ನನಗೂ ದಿಗಿಲಾಯಿತು.

ಬುಧವಾರ ನಾನು ರಜೆ ಹಾಕಿ, ರೇಡಿಯೋ ಅಂಗಡಿಯವನ ದೊಡ್ಡ ಟ್ರಾನ್ಸಿಸ್ಟರನ್ನು ಕಾಡಿ ಬೇಡಿ ತಂದೆ. ಟವೆಲಿನಲ್ಲಿ ಸುತ್ತಿದ ಟ್ರಂಪೆಟ್ಟು, ಮಡಿಸಿದ ಕೆಂಪು ಕೋಟು ಹಿಡಿದು ಸಾಹೇಬರು ಬಂದರು. ಗೌಡಗೆರೆಯಲ್ಲಿ ಬಸ್ಸಿಳಿದು ಕಡಲೆಕಾಯಿ ಹೊಲಗಳ ನಡುವೆ ನಡೆದೆವು. ಸುಡುಬಿಸಿಲು, ಮೋಡದ ಸುಳಿವಿಲ್ಲ. ನಾನು ದಾರಿಯಲ್ಲಿ ನೀರು ಕುಡಿಯಲು ನಾಚಿ ಬಾಟಲಿಯನ್ನು ಚೀಲದಲ್ಲೇ ಉಳಿಸಿದೆ.

ಆಷಾಢದ ಮದುವೆಗೆ ಹೋದರೆ ಏನಾದೀತೋ ಎಂದು ಅರ್ಧ ಊರು ಬಂದಿರಲಿಲ್ಲ. ರಾಣಿ ಮನೆಯ ಮದುವೆ ಕೇಳಿಸುತ್ತದಂತೆ ಎಂದು ಉಳಿದರ್ಧ ಬಂದಿತ್ತು. ಮನೆಯ ಮುಂದೆ ಪುಟ್ಟ ಚಪ್ಪರ. ಒಳಗೆ ನಡುಮನೆಯಲ್ಲಿ ಬಾಗಿಲಿಗೆ ಎದುರಾಗಿ ಈರಕ್ಕನ ಮಂಚ, ಮಲಗಿದ್ದಲ್ಲಿಂದಲೇ ಹಸೆ ಕಾಣುವ ಹಾಗೆ. ಕಂಬಳಿಯ ಕೆಳಗೆ ಮನುಷ್ಯರಿದ್ದಾರೆ ಎನ್ನಿಸದಷ್ಟು ಸೊರಗಿದ್ದಳು. ಕಣ್ಣು ಮಾತ್ರ ಎಲ್ಲರನ್ನೂ ಹಿಂಬಾಲಿಸುತ್ತಿತ್ತು. ಸಾಹೇಬರು ಕೆಂಪು ಕೋಟು ತೊಟ್ಟು ಬಾಗಿಲಲ್ಲಿ ನಿಂತಾಗ ಅವಳು, "ಬಂದ್ಯಾ ಸಾಬಣ್ಣ" ಎಂದಳು. "ಉಳಿದೋರು?" ಎಂದು ಕೇಳಿದಳು.

"ಇವತ್ತು ನಾನೊಬ್ನೇ ಅಕ್ಕ. ಸಾಲ್ದಾ?" ಎಂದರು ಸಾಹೇಬರು.

ಟ್ರಾನ್ಸಿಸ್ಟರನ್ನು ಚಪ್ಪರದ ಕಂಬಕ್ಕೆ ಕಟ್ಟಿ, ಶಾರ್ಟ್‌ವೇವ್‌ನಲ್ಲಿ ಮುಳ್ಳು ತಿರುಗಿಸಿ ತಿರುಗಿಸಿ ಕೊನೆಗೂ ಲಂಡನ್ ಹಿಡಿದೆ. ಮೊದಲು ಕೇಳಿಸಿದ್ದು ಬರೀ ಭೋರ್ಗರೆತ.

"ಏನದು ಸದ್ದು?" ಎಂದ ಕುಲದ ಯಜಮಾನ.

"ಜನ. ಬೀದಿಯಲ್ಲಿ ನಿಂತಿದ್ದಾರೆ."

"ಅಷ್ಟೂ ಜನಕ್ಕೆ ಊಟ ಹಾಕ್ತಾರಾ?"

"ಇಲ್ಲ."

"ಊಟ ಇಲ್ದಿದ್ಮೇಲೆ ಯಾಕೆ ಬಂದವ್ರೆ?" ಎಂದು ಅವನು ನಿಜವಾಗಿ ಬೇಸರಪಟ್ಟ.

ರೇಡಿಯೋದ ಇಂಗ್ಲಿಷಿನವನು ಚರ್ಚಿನೊಳಗಿನ ವಿಷಯ ಹೇಳುತ್ತಿದ್ದ, ನಾನು ಅರೆಬರೆ ಕನ್ನಡ ಮಾಡುತ್ತಿದ್ದೆ. ಇದ್ದಕ್ಕಿದ್ದಂತೆ ರೇಡಿಯೋದಿಂದ ತುತ್ತೂರಿಗಳು ಒಟ್ಟಿಗೆ ಮೊಳಗಿದವು. ಸಾಹೇಬರು ನನ್ನ ರಟ್ಟೆ ಹಿಡಿದುಕೊಂಡರು. ಬೆರಳು ಮೂರೂ ನನ್ನ ತೋಳಿನ ಮೇಲೆ ಒತ್ತುತ್ತಿದ್ದವು. "ಊದಿದ್ರು ಮೇಷ್ಟ್ರೇ, ಕೇಳಿದ್ರಾ? ಊದಿದ್ರು" ಎಂದು ಪಿಸುಗುಟ್ಟಿದರು. ಇಷ್ಟು ದಿನ ಪೇಪರ್ ಕೊಡದ ಉತ್ತರ ಸಿಕ್ಕಿತ್ತು.

ಹಸೆಯ ಮೇಲೆ ಗಂಡು ಹೆಣ್ಣು ಕೂತಿದ್ದರು. ತಾಳಿ ಯಜಮಾನನ ಕೈಯಲ್ಲಿತ್ತು. ಅಲ್ಲಿ ಹುಡುಗಿ ಒಪ್ಪಿದೆ ಎನ್ನುವ ಮಾತು ಬಂದೊಡನೆ ನಾನು ಕೈ ಎತ್ತಬೇಕು. ಆ ಹೊತ್ತಿಗೇ ರೇಡಿಯೋ ಕೊರಕೊರ ಎನ್ನತೊಡಗಿತು. ಮುಳ್ಳು ತಿರುಗಿಸಿದರೆ ಯಾವುದೋ ಭಾಷೆಯ ಭಾಷಣ. ಮತ್ತೆ ತಿರುಗಿಸಿದರೆ ಶಿಳ್ಳೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಹೆಣ್ಣಿನ ತಂದೆ, "ಆತಾ ಮೇಷ್ಟ್ರೇ? ಆತಾ ಇಲ್ವಾ?" ಎಂದು ಚಡಪಡಿಸಿದ. ನನ್ನ ಅಂಗೈ ಬೆವೆತು ತಿರುಪು ಜಾರುತ್ತಿತ್ತು.

ಆಗ ಒಳಗಿನಿಂದ ಈರಕ್ಕನ ದನಿ ಬಂತು. ಅಷ್ಟು ಶಕ್ತಿ ಅವಳಲ್ಲಿ ಎಲ್ಲಿತ್ತೋ. "ಅವ್ರದು ಆಗ್ಲಿ ಬುಡ್ಲಿ. ನಮ್ದು ಕಟ್ರೋ."

ಜುಂಜಣ್ಣ ತಾಳಿ ಕಟ್ಟಿದ. ಅಕ್ಕಿ ಬಿತ್ತು. ಎಲ್ಲರೂ ಸಾಹೇಬರ ಕಡೆ ತಿರುಗಿದರು. ಅವರು ಟ್ರಂಪೆಟ್ಟು ತುಟಿಗಿಟ್ಟು ಊದಿದರು. ಸ್ವರ ಬರಲಿಲ್ಲ. ಬರೀ ಗಾಳಿ. ನಾಲಿಗೆ ತುಟಿಗೆ ಸವರಿ ಮತ್ತೆ ಊದಿದರು, ಮತ್ತೆ ಗಾಳಿ. ಬೆಳಗಿನ ಜಾವದಿಂದ ಹನಿ ನೀರು ಕಾಣದ ಬಾಯಿ, ಬಿಸಿಲಲ್ಲಿ ನಡೆದ ದಾರಿ. ಅವರ ಕೆಳದುಟಿ ಸೀಳಿ ರಕ್ತದ ಗೆರೆ ಕಂಡಿತು. ಅವರ ಮುಖದಲ್ಲಿ ಆಗ ಕಂಡ ಭಯವನ್ನು ನಾನು ಇನ್ನೂ ಮರೆತಿಲ್ಲ. ಎಲ್ಲರ ಮದುವೆಗೂ ಊದಿದ ಮನುಷ್ಯನಿಗೆ ಊದಲೇ ಬೇಕಾದ ಒಂದು ಮದುವೆಯಲ್ಲಿ ಉಸಿರು ಕೈಕೊಟ್ಟಿತ್ತು.

"ಬಾಯಾರೈತೆ ಅವನ್ಗೆ. ನೀರು ಕೊಡ್ರೋ" ಎಂದಳು ಈರಕ್ಕ. ತನ್ನ ತಲೆಯ ಬಳಿಯಿದ್ದ ಹಿತ್ತಾಳೆ ಚೊಂಬನ್ನು ತಾನೇ ಮುಂದೆ ನೂಕಿದಳು.

"ರೋಜಾ ಐತೆ ಅಕ್ಕ. ಹೊತ್ತು ಮುಳುಗಿದ್ಮೇಲೆ ಕುಡೀತೀನಿ."

ಸಾಹೇಬರು ಹೊರಗೆ ಬಾನಿಯ ಬಳಿ ಹೋಗಿ, ನೀರನ್ನು ಬಾಯಿಗೆ ತುಂಬಿ ಮುಕ್ಕಳಿಸಿ, ಒಂದು ಹನಿಯೂ ಒಳಗೆ ಹೋಗದಂತೆ ಉಗಿದರು. ತುಟಿ ಒರೆಸಿಕೊಂಡು ಬಂದು ಹೊಸ್ತಿಲಲ್ಲಿ ನಿಂತು ಊದಿದರು. ಮೊದಲ ಸ್ವರ ಒಡೆಯಿತು. ಎರಡನೆಯದು ನಿಂತಿತು. ಮೂರನೆಯದು ಮನೆಯ ಸೂರಿನವರೆಗೆ ಏರಿತು. ಬ್ಯಾಂಡಿನವರೆಲ್ಲ ಇದ್ದಾಗ ಊದುವ ಅದೇ ಮೆರವಣಿಗೆಯ ಹಾಡು, ಈಗ ಒಂಟಿಯಾಗಿ, ತಾಳವಿಲ್ಲದೆ ಬರುತ್ತಿತ್ತು. ತಾಳ ಹಾಕಬೇಕಾದವನು ಬಾಸಿಂಗ ಕಟ್ಟಿಕೊಂಡು ಹಸೆಯ ಮೇಲೆ ಕೂತಿದ್ದ. ಸ್ವಲ್ಪ ಹೊತ್ತು ತಡೆದುಕೊಂಡ. ಆಮೇಲೆ ಆರತಿ ತಟ್ಟೆಯನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು, ಕಂಕಣ ಕಟ್ಟಿದ ಕೈಯಲ್ಲೇ ಬಾರಿಸತೊಡಗಿದ. ಹೊಸ ಹೆಂಡತಿ ಗಾಬರಿಯಿಂದ ನೋಡಿದಳು. ಹೆಂಗಸರು ಬಾಯಿಗೆ ಸೆರಗು ಒತ್ತಿ ನಕ್ಕರು.

ಗಂಡಿನ ತಾಯಿ ಹೊಸ್ತಿಲಾಚೆ ಬರಲಾರಳು. ಆದ್ದರಿಂದ ಮೆರವಣಿಗೆಯೇ ಒಳಗೆ ಹೋಯಿತು. ಸಾಹೇಬರು ಮುಂದೆ, ತಟ್ಟೆ ಬಾರಿಸುತ್ತಾ ಜುಂಜಣ್ಣ, ಅವನ ಶಲ್ಯಕ್ಕೆ ಸೆರಗು ಗಂಟುಬಿದ್ದ ಹುಡುಗಿ, ಹಿಂದೆ ನಾವೆಲ್ಲ ಈರಕ್ಕನ ಮಂಚದ ಸುತ್ತ ಸುತ್ತಿದೆವು. ಅವಳು ಸಾಹೇಬರನ್ನು ನೋಡಿದಳು, ಮಗನ ಕೈಯಿಂದ ತಟ್ಟೆ ಜಾರಿ ಬೀಳುವುದನ್ನು ನೋಡಿದಳು, ನಗು ತಡೆಯಲಾರದೆ ಕೆಮ್ಮಿದಳು. "ಮದ್ವೆ ಗಂಡಾದ್ರೂ ಸುಮ್ಕೆ ಕೂರಕಾಗ್ಲಿಲ್ವೇನ್ಲಾ ನಿಂಗೆ" ಎಂದಳು. ಸಾಹೇಬರು ಆಗ ನಿಲ್ಲಿಸಿದರು. ನಾನು ಅತ್ತೆ. ಅದರಲ್ಲಿ ಮುಚ್ಚುಮರೆಯೇನಿಲ್ಲ.

ಹೊತ್ತು ಇಳಿಯುವವರೆಗೂ ಈರಕ್ಕ ಆ ಚೊಂಬಿನ ಬಾಯಿಗೆ ಅಂಗೈ ಮುಚ್ಚಿಕೊಂಡೇ ಮಲಗಿದ್ದಳು. ಯಾರನ್ನೂ ಮುಟ್ಟಗೊಡಲಿಲ್ಲ. ಸೂರ್ಯ ಮುಳುಗಿದ ಮೇಲೆ ಸಾಹೇಬರು ಆ ನೀರಿನಿಂದಲೇ ರೋಜಾ ಬಿಟ್ಟರು. ಕುಡಿಯುವಾಗ ಮಾತ್ರ ಅವರು ಕೂತರು, ಮಂಚದ ಪಕ್ಕದ ನೆಲದ ಮೇಲೆ.

ವಾಪಸು ಬರುವ ಬಸ್ಸಿನಲ್ಲಿ ಅವರಾಗಿಯೇ ಹೇಳಿದರು. "ನನ್ ನಿಕಾಕ್ಕೆ ಒಂದು ಪೀಪಿ ಊದ್ಲಿಲ್ಲ ಮೇಷ್ಟ್ರೇ. ಆಗ ಬ್ಯಾಂಡ್ ಸೇರಿದ್ದು ಹೊಸ್ದು. ಅಮ್ಮೀಗೆ ಒಂದೇ ಆಸೆ, ಮಗನ ಮದ್ವೆಗೆ ಬ್ಯಾಂಡ್ ನಮ್ಮ ಬಾಗಿಲಿಗೆ ಬರ್ಬೇಕು ಅಂತ. ಕಾಯ್ಲೆ ಬಿದ್ಲು. ಹಿರಿಯರು ರಂಜಾನ್ ಮುಗೀಲಿ ಅಂದ್ರು. ಈದ್ ನೋಡ್ಲಿಲ್ಲ ಅವ್ಳು." ಕಿಟಕಿಯ ಕಂಬಿಯ ಮೇಲೆ ಮೂರು ಬೆರಳು ಒತ್ತುತ್ತಲೇ ಇದ್ದವು.

ಮರುದಿನದ ಪೇಪರಿನಲ್ಲಿ ಪುಟಗಟ್ಟಲೆ ಮದುವೆ. ಒಂದು ಕಡೆ ತುತ್ತೂರಿಗಳು ಮೊಳಗಿದವು ಎಂಬ ಸಾಲಿತ್ತು. ಸಾಹೇಬರು ಅದನ್ನು ಮತ್ತೆ ಮತ್ತೆ ಓದಿಸಿದರು. ಅವರ ಬೀದಿಯ ಕೆಲವರು ಬಹಳ ದಿನ ಅವರೊಡನೆ ಮಾತಾಡಲಿಲ್ಲ. ಅದು ಅವರನ್ನು ನೋಯಿಸಿತು. ಆದರೂ ಆ ವಿಷಯ ಬಂದಾಗ ಸಮರ್ಥನೆ ಮಾಡಿಕೊಂಡವರಲ್ಲ.

ಇನ್ನು ಈರಕ್ಕನ ಕತೆ. ಶುಕ್ರವಾರ ಗ್ರಹಣದ ಅಮಾವಾಸ್ಯೆ ಬಂತು, ಹೋಯಿತು. ಶನಿವಾರ ಈರಕ್ಕ ಗಂಜಿ ಕೇಳಿದಳು. ಮುಂದಿನ ವಾರ ಕೋಳಿಸಾರು ಕೇಳಿದಳು. ಶ್ರಾವಣ ಮುಗಿಯುವ ಹೊತ್ತಿಗೆ ಎದ್ದು ಕೂತು ಸೊಸೆಯ ಮುದ್ದೆಯಲ್ಲಿ ಗಂಟು ಹುಡುಕುತ್ತಿದ್ದಳು. ಆಮೇಲೆ ಸಾಹೇಬರು ಕಂಡಾಗಲೆಲ್ಲ ಜುಂಜಣ್ಣನನ್ನು, "ನಿಮ್ಮವ್ವ ನಂಗೆ ಮೋಸ ಮಾಡಿದ್ಲು ಕಣಯ್ಯ" ಎಂದು ರೇಗಿಸುತ್ತಿದ್ದರು. ನನ್ನ ಮದುವೆಗೂ ಊದಿದರು, ಮಾತು ಕೊಟ್ಟಂತೆ. ನನ್ನ ತಾಯಿ ಮೊದಲೇ ನಗುತ್ತಾ ನಿಂತಿದ್ದರೂ ಬೇಕೆಂದೇ ಕಾಯಿಸಿದರು. ಜುಂಜಣ್ಣನಿಗೆ ಈಗ ಇಬ್ಬರು ಮಕ್ಕಳು. ಆ ರಾಜಕುಮಾರನಿಗೂ ಇಬ್ಬರು, ಮೊನ್ನೆ ಪೇಪರಿನಲ್ಲಿ ನಾಲ್ವರ ಫೋಟೋ ಬಂದಿತ್ತು. ಈ ಏಳೆಂಟು ವರ್ಷದಲ್ಲಿ ಆಷಾಢ ಯಾರಿಗೂ ಏನೂ ಕೆಡುಕು ಮಾಡಲಿಲ್ಲ.

ಹೋದ ತಿಂಗಳು ಸಾಹೇಬರು ಅಂಗಡಿಯ ಮುಂದೆ ನಡೆಯುತ್ತಿದ್ದವರು ಗೋಡೆ ಹಿಡಿದು ನಿಂತರಂತೆ, ಅಷ್ಟೆ. ಸುದ್ದಿ ಕೇಳಿ ನಾನು ಮಧುಗಿರಿಯಿಂದ ಹೋದೆ. ಈಗ ಅಲ್ಲಿಯ ಸ್ಕೂಲಿನಲ್ಲಿದ್ದೇನೆ. ಮಯ್ಯತ್ತು ಹೊರಟಾಗ ಬೀದಿ ತುಂಬ ಜನ. ಅಂದು ಮಾತು ಬಿಟ್ಟಿದ್ದವರೂ ಹೆಗಲು ಕೊಟ್ಟಿದ್ದರು. ಜುಂಜಣ್ಣ ಜೊತೆಗೆ ನಡೆಯುತ್ತಿದ್ದ. ಅವನ ಕೈ ತೊಡೆಯ ಮೇಲೆ ತನ್ನಷ್ಟಕ್ಕೆ ಬಡಿಯುತ್ತಿತ್ತು, ಗಮನಕ್ಕೆ ಬಂದಾಗ ಮುಷ್ಟಿ ಕಟ್ಟಿಕೊಂಡ.

ಕಬರ್‌ಸ್ಥಾನದ ಗೋಡೆಯ ಹೊರಗೆ, ಬೇವಿನ ಮರದ ಕೆಳಗೆ ಈರಕ್ಕ ನಿಂತಿದ್ದಳು. ಬೆನ್ನು ಬಾಗಿದೆ, ಕೋಲು ಬಂದಿದೆ. ಗೌಡಗೆರೆಯಿಂದ ಬಸ್ಸಿನಲ್ಲಿ ಒಬ್ಬಳೇ ಬಂದಿದ್ದಳು. ನನ್ನನ್ನು ಗುರುತಿಸಿ ಹತ್ತಿರ ಕರೆದಳು.

"ಯಾರೂ ಊದಕಿಲ್ವಾ ಮೇಷ್ಟ್ರೇ ಇವನ್ಗೆ?"

"ಅವರಲ್ಲಿ ಊದಬಾರದು ಕಣಕ್ಕ."

ಅವಳು ತಲೆಯಾಡಿಸಿದಳು. ಒಳಗೆ ಮಣ್ಣು ಎಳೆಯುವ ಸದ್ದು ನಿಂತಿತು. ಹೊಸ ಮಣ್ಣಿನ ಮೇಲೆ ನೀರು ಚಿಮುಕಿಸುವುದು ಅವರ ಪದ್ಧತಿ, ಯಾರೋ ಬಿಂದಿಗೆ ತಂದರು. ಅದನ್ನು ಗೋಡೆಯ ಮೇಲಿಂದ ನೋಡಿದ ಈರಕ್ಕ ಸೆರಗಿನ ಮರೆಯಿಂದ ಆ ಹಿತ್ತಾಳೆ ಚೊಂಬನ್ನು ತೆಗೆದಳು. ಬಾಯಿಗೆ ಅಂಗೈ ಮುಚ್ಚಿಕೊಂಡಿದ್ದಳು. ಬೋರ್‌ವೆಲ್ಲಿನಲ್ಲಿ ಯಾವಾಗ ತುಂಬಿಕೊಂಡಿದ್ದಳೋ. ಮಗನನ್ನು ಗೇಟಿನ ಬಳಿ ಕರೆದು ಅವನ ಕೈಗಿಟ್ಟಳು. ಒಳಗಿದ್ದ ಹಿರಿಯರೊಬ್ಬರು ಅವನನ್ನೂ ಚೊಂಬನ್ನೂ ನೋಡಿ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಜುಂಜಣ್ಣ ಗೋರಿಯ ತಲೆಯ ಕಡೆಯಿಂದ ಮೆಲ್ಲಗೆ ಸುರಿದ.

ಈರಕ್ಕ ಕಣ್ಣಿಗೆ ಕೈ ಅಡ್ಡ ಹಿಡಿದು ಪಡುವಣದ ಕಡೆ ನೋಡಿದಳು.

"ಹೊತ್ತು ಮುಳುಗ್ತು ತಾನೇ ಮೇಷ್ಟ್ರೇ?" ಎಂದಳು. "ಇನ್ನ ಕುಡೀಲಿ."